ಕಲ್ಲಿಗೆ ಹೆಪ್ಪು

ಘಟ್ಟದ ಮೇಲೆ ಸಮುದ್ರವಿಲ್ಲ ಎಂಬ ಕೊರತೆಯನ್ನು ತಾನೇ ನೀಗಿಸಿಬಿಡುವುದೆಂದು ಭಾರ್ಗವಿ ತೀರ್ಮಾನಿಸಿದ್ದು 2007ರ ಜನವರಿಯಲ್ಲಿ, ದೋಸೆ ಹೊಯ್ಯುತ್ತಾ ನಿಂತಿದ್ದಾಗ. ಕೊಪ್ಪದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಆಕೆ ಹದಿನೆಂಟು ವರ್ಷದ ಸಂಸಾರದಲ್ಲಿ ಮನೆಯೊಳಗೆ ಮಾಡಿದ್ದೆಲ್ಲ ಒಂದೋ ಯಾರದೋ ಹೊಟ್ಟೆಗೆ ಹೋಗಿತ್ತು, ಇಲ್ಲವೇ ಯಾರದೋ ಮೈಮೇಲೆ ಏರಿತ್ತು. ಯಾರೂ ಉಣ್ಣದ, ಯಾರೂ ಉಡದ, ಅಪ್ಪಟ ತನ್ನದೇ ಆದ ವಸ್ತುವೊಂದು ಈ ಮನೆಯಲ್ಲಿ ಇರತಕ್ಕದ್ದು! ಅದು ಉಪ್ಪುನೀರಿನ ಅಕ್ವೇರಿಯಮ್ಮೇ ಆಗತಕ್ಕದ್ದು. ಅದರೊಳಗೆ ಕಡಲಿನ ಬಂಡೆ, ಬಂಡೆಯ ಸಂದಿಯಲ್ಲಿ ಕಿತ್ತಳೆ ಬಣ್ಣದ ಎರಡು ಮೀನು ಇರತಕ್ಕದ್ದು. ಕಾವಲಿಯ ಮೇಲಿದ್ದ ದೋಸೆ ಸೀದುಹೋದದ್ದು ಬಿಟ್ಟರೆ ಆ ಪ್ರತಿಜ್ಞೆಗೆ ಬೇರೆ ಅಪಶಕುನ ಆಗಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಗಂಡ ದತ್ತಮೂರ್ತಿಗೆ ಇದು ತಲೆಗೆ ಹೋಗಲಿಲ್ಲ.

“ಮೀನು ನೋಡ್ಬೇಕು ಅಂದ್ರೆ ಶೃಂಗೇರಿಗೆ ಹೋದ್ರಾಯ್ತಲ್ಲ ಮಾರಾಯ್ತಿ. ಹೊಳೆ ತುಂಬ ಇದಾವೆ. ತೊಳೆಯೋ ರಗಳೆಯೂ ಇಲ್ಲ.”

“ಈ ಮನೇಲಿ ತೊಳೆಯೋ ರಗಳೆ ನಿಮಗೆ ಯಾವತ್ತು ಇತ್ತು?” ಎಂದು ಭಾರ್ಗವಿ ಕೇಳಿದಳು. ದತ್ತಮೂರ್ತಿ ಪೇಪರ್ ತಿರುಗಿಸಿದ. ಅಲ್ಲಿಗೆ ಮಸೂದೆ ಪಾಸಾಯಿತು.

ಮುಚ್ಚಿಹೋದ ಬೇಕರಿಯ ಶೋಕೇಸಿನ ಗಾಜು ಕೊಯ್ಸಿ ತೊಟ್ಟಿ ಮಾಡಿಸಿದ್ದಾಯಿತು. ಇನ್ನು ಕಲ್ಲು. ಸೈಬರ್ ಸೆಂಟರಿನಲ್ಲಿ ಕೂತು ತೆಗೆಸಿದ ಹದಿನಾಲ್ಕು ಪುಟದ ಪ್ರಿಂಟು ಹೇಳುವ ಪ್ರಕಾರ, ಕಲ್ಲಿನಲ್ಲಿ ಎರಡು ಜಾತಿ. ಒಂದು ಜೀವದ ಕಲ್ಲು: ಸಮುದ್ರದಿಂದ ಒದ್ದೆಯಾಗಿಯೇ ಬರುವಂಥದ್ದು. ಮೀನಿನ ಕಸವನ್ನೆಲ್ಲ ತಿಂದು ನೀರು ಶುದ್ಧ ಮಾಡುವ, ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಅದರ ಮೈತುಂಬ ಇರುತ್ತವೆ. ತಂದು ಇಟ್ಟರೆ ಸಾಕು, ಬೇಗನೆ ಮೀನು ಬಿಡಬಹುದು. ಇನ್ನೊಂದು ಒಣ ಕಲ್ಲು: ಅದೇ ಕುಲದ್ದೇ, ಆದರೆ ಒಣಗಿ ಜೀವ ಹೋದದ್ದು. ಬಹಳ ಅಗ್ಗ. ಅದರೊಳಗೆ ಹೊಸ ಜೀವ ಊರಿಕೊಳ್ಳುವ ತನಕ ಎರಡು ಮೂರು ತಿಂಗಳು ಬರೀ ಕಲ್ಲನ್ನೂ ನೀರನ್ನೂ ನೋಡುತ್ತ ಕೂರಬೇಕು.

ಜೀವದ್ದೇ ತರಿಸು, ಕಾಯುವ ಕರ್ಮ ಯಾಕೆ ಎಂಬುದು ದತ್ತಮೂರ್ತಿಯ ಅಭಿಪ್ರಾಯ. ಭಾರ್ಗವಿಗೆ ಅಲ್ಲಿಯೇ ಅಭಿಮಾನ ಕೆರಳಿತು. ಕಾಯುವುದನ್ನು ತನಗೆ ಹೇಳಿಕೊಡುವುದೇ? ರಾತ್ರಿ ರುಬ್ಬಿಟ್ಟು ಬೆಳಗಿನ ತನಕ, ಮಿಡಿ ಉಪ್ಪಿಗೆ ಹಾಕಿ ಮಳೆಗಾಲದ ತನಕ, ಅಂಗಡಿ ಮುಚ್ಚಿದವನು ಊಟಕ್ಕೆ ಬರುವ ತನಕ ಕಾದ ಕೈ ಇದು. ಒಣ ಕಲ್ಲನ್ನು ತಾನೇ ಜೀವಂತ ಮಾಡಿ ತೋರಿಸುವೆನೆಂದು ಸಾರಿ, ಬೆಂಗಳೂರಿನಿಂದ ಎರಡು ರಟ್ಟಿನ ಪೆಟ್ಟಿಗೆ ಒಣ ಕಲ್ಲನ್ನೂ ಒಂದು ಚೀಲ ಸಮುದ್ರದ ಉಪ್ಪನ್ನೂ ಬಸ್ಸಿಗೆ ಹಾಕಿಸಿ ತರಿಸಿದಳು.

ಹದಿನಾಲ್ಕು ಪುಟ ಓದದೆಯೇ ಸಂಗತಿ ಅರ್ಥ ಮಾಡಿಕೊಂಡವರು ಅತ್ತೆ ವೆಂಕಮ್ಮ ಒಬ್ಬರೇ. ಊರುಗೋಲು ಊರಿಕೊಂಡು ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿ, “ಹಂಗಾರೆ ಇದು ಬರೀ ಹಾಲು ಅನ್ನು. ಹೆಪ್ಪು ಎಲ್ಲಿಂದ ತರ್ತೀ?” ಎಂದರು.

ನಿಜಕ್ಕೂ ಅಷ್ಟೇ ವಿಷಯ. ಜೀವದ ಕಲ್ಲಿನ ಒಂದು ಚೂರು ಸಿಕ್ಕರೆ ಅದರಿಂದ ಒಣ ಕಲ್ಲಿಗೆಲ್ಲ ಜೀವ ಹಬ್ಬುತ್ತದೆಂದು ಪ್ರಿಂಟಿನ ಒಂಬತ್ತನೇ ಪುಟದಲ್ಲಿತ್ತು. ಸುತ್ತಮುತ್ತ ಅಂಥ ತೊಟ್ಟಿ ಇದ್ದದ್ದು ಬಾಳೆಹೊನ್ನೂರಿನ ಕಾಫಿ ವ್ಯಾಪಾರಿಯೊಬ್ಬರ ಮನೆಯಲ್ಲಿ. ಶನಿವಾರ ಭಾರ್ಗವಿ ಹಲಸಿನ ಹಪ್ಪಳದ ಕಟ್ಟು, ಖಾಲಿ ಟಿಫಿನ್ ಡಬ್ಬಿ ಹಿಡಿದು ಹೊರಟಳು. ಬಸ್ಸು ತಡವಾಗಿ, ತಲುಪುವಾಗ ಮುಸ್ಸಂಜೆ ದಾಟಿತ್ತು. ವ್ಯಾಪಾರಿಯ ಹೆಂಡತಿ ಶಾಂತಕ್ಕ ಹಪ್ಪಳವನ್ನು ಸಂತೋಷದಿಂದ ಒಳಗಿಟ್ಟರು, ಕಾಫಿ ಕೊಟ್ಟರು, ಕಲ್ಲು ಮಾತ್ರ ಕೊಡಲಿಲ್ಲ.

“ಬೇಜಾರು ಮಾಡ್ಕೋಬೇಡಿ ಮೇಡಂ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡೋ ಪದ್ಧತಿ ಇಲ್ಲ.”

ಇದು ಮೊಸರಲ್ಲ, ಕಲ್ಲು ಎಂದು ಭಾರ್ಗವಿ ವಾದಿಸಬಹುದಿತ್ತು. ಆದರೆ ಹೆಪ್ಪು ಎಂದು ಬಾಗಿಲಲ್ಲಿ ನಿಂತು ಕೇಳಿದವಳು ತಾನೇ! ಶಾಲೆಯ ವಿಜ್ಞಾನ ಸಂಘದಲ್ಲಿ ಮೂಢನಂಬಿಕೆಯ ವಿರುದ್ಧ ಗಂಟೆಗಟ್ಟಲೆ ಗುಡುಗುವ ಮೇಡಂ ಖಾಲಿ ಡಬ್ಬಿ ಹಿಡಿದು ಕೊಪ್ಪಕ್ಕೆ ವಾಪಸಾದಳು. ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ, ಮುಷ್ಟಿಯಷ್ಟು ಕಲ್ಲನ್ನು ಅದರದೇ ನೀರಿನಲ್ಲಿ ಮುಳುಗಿಸಿ ತಂದಳು. ಬಸ್ಸಿನಲ್ಲಿ ಪಕ್ಕದಲ್ಲಿದ್ದಾಕೆ ಮೂಗಿಗೆ ಸೆರಗು ಹಿಡಿದು, ಮೂರು ಸೀಟು ಆಚೆ ಹೋಗಿ ಕೂತಳು.

ಆ ಚೂರಿನಲ್ಲಿ ಒಬ್ಬ ನೆಂಟನೂ ಬಂದಿದ್ದ. ಕಲ್ಲಿನ ತೂತೊಂದರಿಂದ, ಬೆರಳಿನ ಉಗುರಿನಷ್ಟು ಅಗಲದ ಬೀಸಣಿಗೆಯಂತೆ ಗರಿ ಬಿಚ್ಚುವ ಒಂದು ಹುಳು. ನೆರಳು ಬಿದ್ದರೆ ಸರಕ್ಕನೆ ಒಳಗೆ. ಸುಮ್ಮನೆ ಕೂತರೆ ಮೆಲ್ಲಗೆ ಹೊರಗೆ. ಬೆಳಿಗ್ಗೆ ಹಾಲು ಕಾಯಲು ಇಟ್ಟು ಭಾರ್ಗವಿ ಐದು ನಿಮಿಷ ಅದರ ಎದುರು ಕೂರತೊಡಗಿದಳು. ತಿಂಡಿ ಎಂತ, ನನ್ನ ಬನಿಯನ್ ಎಲ್ಲಿ, ಮಾತ್ರೆ ಕೊಟ್ಟೆಯಾ ಎಂದು ಕೇಳದೆ ಅವಳನ್ನು ನೋಡಿ ಅರಳುವ ಜೀವ ಆ ಮನೆಯಲ್ಲಿ ಅದೊಂದೇ.

ಹತ್ತು ವಾರ ಭಾರ್ಗವಿ ತಪಸ್ಸು ಮಾಡಿದಳು. ಆವಿಯಾದ ನೀರನ್ನು ಅಳೆದು ತುಂಬಿದಳು. ಕರೆಂಟು ಹೋಗಿ ಪಂಪು ನಿಂತಾಗೆಲ್ಲ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಹೊಯ್ದು, ಕಾಣದ ಆ ಕೋಟಿ ಜೀವಿಗಳಿಗೆ ಉಸಿರು ಕೊಟ್ಟಳು. ಮನೆಗೆ ಬಂದವರು “ಮೀನೆಲ್ಲಿ?” ಎನ್ನುವುದು, ದತ್ತಮೂರ್ತಿ “ಸದ್ಯಕ್ಕೆ ಕಲ್ಲು ಸಾಕಿದ್ದೇವೆ” ಎನ್ನುವುದು ನಡೆದೇ ಇತ್ತು. ಏಪ್ರಿಲ್ ಹೊತ್ತಿಗೆ ಬಿಳಿ ಕಲ್ಲುಗಳ ಮೇಲೆಲ್ಲ ಕಂದು ಬಣ್ಣದ ಲೋಳೆ ಹಬ್ಬಿತು. ನೋಡಲು ಅಸಹ್ಯ, ಆದರೆ ಜೀವ ಹಿಡಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ನೀರಿನ ಪರೀಕ್ಷೆಯೂ ಹೆಚ್ಚುಕಡಿಮೆ ಪಾಸು. ಇನ್ನು ಎರಡು ವಾರ ಕಳೆದರೆ ಮೀನು.

ಅಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದಲು ಆರು ದಿನ ಚಿಕ್ಕಮಗಳೂರಿಗೆ ಬರಬೇಕೆಂದು ಆರ್ಡರ್ ಬಂತು. ವೆಂಕಮ್ಮ ಸೀತೂರಿನ ಮಗಳ ಮನೆಗೆ ಹೋಗಿದ್ದರು. ಹಾಲಿನವನು, ಗ್ಯಾಸು, ಕುಕ್ಕರಿನ ಸೀಟಿ ಎಂದು ಮೂವತ್ತೊಂದು ಸಾಲಿನ ಪಟ್ಟಿ ಬರೆದು ಭಾರ್ಗವಿ ಫ್ರಿಜ್ಜಿಗೆ ಅಂಟಿಸಿದಳು. ಪ್ರತಿಯೊಂದಕ್ಕೂ ಹೇಗೆ, ಎಷ್ಟು, ಯಾವಾಗ ಎಂಬ ವಿವರಣೆ. ತನ್ನ ತೊಟ್ಟಿಯ ಬಗ್ಗೆ ಮಾತ್ರ, ತನ್ನದಕ್ಕೆ ಇನ್ನೊಬ್ಬರಿಗೆ ಯಾಕೆ ತೊಂದರೆ ಎಂಬ ಹಳೇ ಸಂಕೋಚದಲ್ಲಿ, ಕೊನೆಗೆ ಎರಡೇ ಶಬ್ದ ಬರೆದಳು: ತೊಟ್ಟಿ ನೋಡ್ಕೊಳ್ಳಿ.

ದತ್ತಮೂರ್ತಿ ನೋಡಿಕೊಂಡ. ಮೂರನೇ ದಿನ ಫೋನಿನಲ್ಲಿ, ನಿನಗೊಂದು ಸರ್‌ಪ್ರೈಸ್ ಇದೆ ಎಂದ. ಆರನೇ ದಿನ ಬಸ್ಸಿಳಿದು ಬಂದವಳನ್ನು ಕೈ ಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿದ.

ಕಲ್ಲುಗಳು ಮಲ್ಲಿಗೆಯಷ್ಟು ಬೆಳ್ಳಗಿದ್ದವು. ದೊಡ್ಡದರಿಂದ ಸಣ್ಣದಕ್ಕೆ, ಶೆಲ್ಫಿನಲ್ಲಿ ಡಬ್ಬ ಜೋಡಿಸಿದ ಹಾಗೆ ಸಾಲಾಗಿ ಕೂತಿದ್ದವು. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ.

ಆತ ಉತ್ಸಾಹದಿಂದ ವಿವರಿಸಿದ. ಮಲೆನಾಡಿನ ಗಂಡಸಿಗೆ ಮನೆಗೆಲಸದಲ್ಲಿ ಬರುವುದು ಒಂದೇ ಒಂದು: ಮಳೆಗಾಲದಲ್ಲಿ ಯಾರೂ ಜಾರಿ ಬೀಳದಂತೆ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು. ಕಲ್ಲಿನ ಮೇಲೆ ಪಾಚಿ ಕಂಡಿತು. ಅಂಗಡಿಯಲ್ಲಿ ಪುಡಿ ಇತ್ತು. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ತೆಂಗಿನ ನಾರಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹಳೇ ಉಪ್ಪುನೀರು ಚೆಲ್ಲಿ ನಲ್ಲಿಯ ಹೊಸ ನೀರು ತುಂಬಿದ್ದಾನೆ. ಭಾನುವಾರ ಇಡೀ ಹಿಡಿಯಿತಂತೆ.

“ಆ ಸಣ್ಣ ಕಲ್ಲಲ್ಲಿ ಎಂಥದೋ ಹುಳ ಬೇರೆ ಸೇರ್ಕೊಂಡಿತ್ತು ಮಾರಾಯ್ತಿ. ಕಡ್ಡಿ ಹಾಕಿ ತೆಗೀಬೇಕಾಯ್ತು,” ಎಂದ.

ಭಾರ್ಗವಿ ಬ್ಯಾಗು ಕೆಳಗಿಡಲಿಲ್ಲ. ಸಣ್ಣ ಕಲ್ಲಿನ ತೂತು ಖಾಲಿ ಕಣ್ಣಿನ ಹಾಗೆ ಅವಳನ್ನೇ ನೋಡುತ್ತಿತ್ತು. ಬೈಗುಳ ಗಂಟಲ ತನಕ ಬಂತು. ಜೊತೆಗೇ ಆತನ ಕೈ ಕಣ್ಣಿಗೆ ಬಿತ್ತು: ಬ್ಲೀಚಿಂಗಿಗೆ ಬೆರಳಿನ ತುದಿಯೆಲ್ಲ ಸುಲಿದು ಕೆಂಪಾಗಿತ್ತು. ಹದಿನೆಂಟು ವರ್ಷದಲ್ಲಿ ಈ ಮನುಷ್ಯ, ಯಾರೂ ಹೇಳದೆ, ತಾನಾಗಿ ಮನೆಯೊಳಗಿನ ಒಂದು ವಸ್ತುವನ್ನು ಮೊದಲ ಸಲ ತೊಳೆದಿದ್ದಾನೆ. ಈಗ ಬೈದರೆ ಈ ಕೈ ಜನ್ಮದಲ್ಲಿ ಮತ್ತೆ ನೀರು ಮುಟ್ಟುವುದಿಲ್ಲ. ಹೊಗಳಿದರೆ ಇವತ್ತು ಕಲ್ಲು, ನಾಳೆ ಲೋಟ, ದೀಪಾವಳಿ ಬರುವಷ್ಟರಲ್ಲಿ ಕುಕ್ಕರು ಕೂಡ ತೊಳೆದಾನು. ಒಂದು ಕಡೆ ಹತ್ತು ವಾರದ ಜೀವ; ಇನ್ನೊಂದು ಕಡೆ ತನ್ನ ಮುಂದಿನ ಇಪ್ಪತ್ತು ವರ್ಷ. ಅಡುಗೆಮನೆಯ ಸಿಂಕಿನಲ್ಲಿ ಆರು ದಿನದ ಪಾತ್ರೆ ಗೋಪುರವಾಗಿ ನಿಂತಿದ್ದು ಇಲ್ಲಿಂದಲೇ ಕಾಣುತ್ತಿತ್ತು. ದೂರದೃಷ್ಟಿಯ ಹೆಂಗಸು ಭಾರ್ಗವಿ. ಬೈಗುಳ ನುಂಗಿಕೊಂಡು ನಕ್ಕಳು.

“ಭಾಳ ಚೆನ್ನಾಗಿ ತೊಳ್ದಿದೀರಿ,” ಎಂದಳು. “ನನಗೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ.”

ದತ್ತಮೂರ್ತಿಯ ಮುಖ ಅರಳಿತು. ಕುರ್ಚಿ ಎಳೆದು, ತೊಟ್ಟಿಗೆ ಎದುರಾಗಿ, ಹುಳುವಿಗಾಗಿ ಅವಳು ಕೂರುತ್ತಿದ್ದ ಜಾಗದಲ್ಲೇ ಕೂತ.

“ಹಾಗಾದ್ರೆ ತೀರ್ಮಾನ ಆಯ್ತು. ಪಾತ್ರೆಗೀತ್ರೆ ಎಲ್ಲ ನಿನ್ನ ಕೈಗೇ ಸರಿ, ನಂಗದು ಒಗ್ಗೋದಲ್ಲ. ಈ ಕಲ್ಲು ಇನ್ಮೇಲೆ ನಂದು. ಪ್ರತಿ ಭಾನುವಾರ ನಾನೇ ತಿಕ್ತೀನಿ. ನೀನು ಇದನ್ನ ಮುಟ್ಟೋದೇ ಬೇಡ.”