ಮಾವನ ಕಣ್ಣಿನ ಬಿಲ್ಲು

ದಾನವಾಗಿ ಬಂದ ಕಣ್ಣಿಗೆ ಬೆಲೆ ಕಟ್ಟುವಂತಿಲ್ಲ. ಆದ್ದರಿಂದ ಬಿಲ್ಲಿನಲ್ಲಿ "ದಾನಿಯ ಕಾರ್ನಿಯಾ ಪರೀಕ್ಷಿಸಿ, ಶುದ್ಧೀಕರಿಸಿ, ಕಾಪಾಡಿದ ವೆಚ್ಚ" ಎಂದೇ ನಮೂದಿಸಬೇಕೆಂಬುದು ಆ ಕಣ್ಣಾಸ್ಪತ್ರೆಯ ನಿಯಮ. ಆದರೆ ಬಿಲ್ಲಿನ ಗುಮಾಸ್ತ ಹುಟ್ಟಾ ಸೋಮಾರಿ. ಅಷ್ಟುದ್ದ ಯಾರು ಟೈಪು ಕುಟ್ಟುತ್ತಾರೆಂದು "ಕಣ್ಣು – ಒಂದು" ಎಂದು ಕುಟ್ಟಿ, ಎದುರಿಗೆ ಮೊತ್ತ ಹಾಕಿ ಕೈತೊಳೆದುಕೊಂಡ.

ಹೆಂಡತಿಯ ಆಪರೇಷನ್ ಬಿಲ್ಲು ಪಡೆದ ದರ್ಜಿ ಕೌಂಟರಿನಲ್ಲೇ ಅದನ್ನು ಗಟ್ಟಿಯಾಗಿ ಓದಿದ. "ಏನ್ ಸಾರ್, ಇಲ್ಲಿ ಕಣ್ಣು ಮಾರ್ತೀರಾ?"

ಗ್ರಹಚಾರಕ್ಕೆ, ದರ್ಜಿಯ ಹಿಂದೆಯೇ ನಿಂತಿದ್ದವರು ಗುಮಾಸ್ತನ ಅತ್ತೆ. ಕನ್ನಡಕದ ನಂಬರು ನೋಡಿಸಲು ಪಕ್ಕದ ಮನೆಯಾಕೆಯೊಂದಿಗೆ ಬಂದಿದ್ದರು. ಹೋದ ತಿಂಗಳು ಮಾವ ತೀರಿಕೊಂಡಾಗ, ಅತ್ತೆಯನ್ನು ಕಣ್ಣು ದಾನಕ್ಕೆ ಒಪ್ಪಿಸಿದವನು ಇದೇ ಅಳಿಯ.

"ದಾನ ಅಂತ ಹೇಳಿ ಇಸ್ಕೊಂಡ್ರಲ್ಲಾ ಅಳಿಯಂದ್ರೇ?" ಅತ್ತೆ ಕೌಂಟರಿನ ಮುಂದೆ ಬಂದು ಕೇಳಿದರು.

"ಇದು ಮಾವನೋರದ್ದು ಅಂತ ಯಾರು ಹೇಳಿದ್ರು ಅತ್ತೆ? ಯಾರ ಕಣ್ಣು ಯಾರಿಗೆ ಹೋಯ್ತು ಅಂತ ನಮಗೂ ಹೇಳಲ್ಲ. ಇದು ಬರೀ ತೊಳೆದು ಕಾಪಾಡಿದ ಖರ್ಚು!"

"ಇಷ್ಟು ವರ್ಷ ಅವರನ್ನ ತೊಳೆದು ಕಾಪಾಡಿದ್ದು ಇವರು. ಯಾರಾದ್ರೂ ಕಾಸು ಕೊಟ್ರಾ?" ಎಂದಳು ಪಕ್ಕದ ಮನೆಯಾಕೆ. ನಂತರ ಹಾಲ್‌ಗೆಲ್ಲ ಕೇಳುವಂತೆ, "ನೋಡ್ರಪ್ಪಾ, ಮಾವನ ಕಣ್ಣು ಮಾರಿದ ಅಳಿಯ!" ಎಂದಳು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದವರೂ ಉಳಿದ ಒಂದರಲ್ಲೇ ತಿರುಗಿ ನೋಡಿದರು. ನರ್ಸು ಬಂದಳು, ವಾಚ್‌ಮನ್ ಬಂದ. ಗುಮಾಸ್ತನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಣ್ಣು ದಾನದ ದಿನ ಅತ್ತೆ ಮರುಮಾತಿಲ್ಲದೆ ಅವನನ್ನು ನಂಬಿದ್ದರು. ಒಂದು ಸಾಲು ಪೂರ್ತಿ ಕುಟ್ಟಲಾಗದೆ ಆ ನಂಬಿಕೆಗೆ ಮಣ್ಣು ಹಾಕಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಅತ್ತೆ, ನಂದೇ ಸೋಮಾರಿತನ" ಎಂದು ಎಲ್ಲರೆದುರೇ ಕೈಮುಗಿದ. ಹಳೆಯ ಬಿಲ್ಲು ಹರಿದು, ಉದ್ದನೆಯ ಸಾಲನ್ನು ಒಂದಕ್ಷರ ಬಿಡದೆ ಕುಟ್ಟಿದ. ಹೊಸ ಬಿಲ್ಲನ್ನು ದರ್ಜಿಯೇ ಮುದುಕಿಯ ಕೈಗಿತ್ತ. "ನೀವೇ ಓದ್ಕೊಳ್ಳಿ ತಾಯಿ."

ಅತ್ತೆ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಮುಖ ತಿಳಿಯಾಯಿತು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರ ಬೆರಳು ಕೆಳಗಿನ ಸಾಲಿಗೆ ಜಾರಿತು.

"ಇದೇನು?"

"ಲೆನ್ಸು ಅತ್ತೆ. ಪೊರೆ ತೆಗೆದು ಕಣ್ಣೊಳಗೆ ಕೂರಿಸೋ ಪ್ಲಾಸ್ಟಿಕ್ಕು."

ಅತ್ತೆ ಎರಡೂ ಮೊತ್ತಗಳನ್ನು ಮತ್ತೆ ಮತ್ತೆ ನೋಡಿದರು. ಕಣ್ಣು ತುಂಬಿ ಬಂತು.

"ಚೂರು ಪ್ಲಾಸ್ಟಿಕ್ಕಿಗೆ ಇಷ್ಟೊಂದು, ನಮ್ಮ ಯಜಮಾನ್ರ ಕಣ್ಣಿಗೆ ಅದರ ಅರ್ಧಾನೂ ಇಲ್ವಾ? ಮಾರಿದ್ದು ಮಾರಿದ್ರಿ ಅಳಿಯಂದ್ರೇ, ನೆಟ್ಟಗೆ ರೇಟಾದ್ರೂ ಕೇಳಬಾರದಿತ್ತಾ?"