ಹೃದಯದ ವಾರ್ಡಿನಲ್ಲಿ ಹತ್ತಕ್ಕೆ ಎಷ್ಟು?

ನಮ್ಮ ಹೃದ್ರೋಗದ ವಾರ್ಡಿನಲ್ಲಿ ನಗು ಬರಿಸುವಂಥದ್ದೇನಾದರೂ ನಡೆಯದ ವಾರವೇ ಇಲ್ಲ. ನಗುವುದಕ್ಕೆ ಮಾತ್ರ ಡ್ಯೂಟಿ ಮುಗಿಯುವವರೆಗೆ ಕಾಯಬೇಕು. ಮಧ್ಯಾಹ್ನ ಊಟದ ಟ್ರಾಲಿ ಹೋದ ಮೇಲೆ ಅಲ್ಲಿ ಒಂದು ಮಂಪರು ಕವಿಯುತ್ತದೆ. ಪರದೆಗಳು ಮೆಲ್ಲಗೆ ಆಡುತ್ತವೆ. ಮಾನಿಟರಿನ ಹಸಿರು ಗೆರೆಗಳು ಏರುತ್ತ ಇಳಿಯುತ್ತ ಸಾಗುತ್ತವೆ, ಅದರ ಬೀಪ್ ಸದ್ದು ಕೇಳುತ್ತ ಕೇಳುತ್ತ ನಾನೂ ಎಲ್ಲೋ ತೇಲಿಹೋಗಿರುತ್ತೇನೆ.

ತೆಲುಗು ಊರಿನ ಆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ನರ್ಸ್ ನಾನೊಬ್ಬಳೇ. ಕಲಬುರಗಿ, ಬೀದರ, ರಾಯಚೂರಿನ ಮೂಲದವರು ಯಾರೇ ದಾಖಲಾದರೂ "ನಿಮ್ಮವರು ಬಂದಿದ್ದಾರೆ, ಹೋಗು" ಎಂದು ನನ್ನನ್ನೇ ಕಳಿಸುತ್ತಾರೆ. ಹೋಗಿ ನೋವೆಷ್ಟು, ದಮ್ಮೆಷ್ಟು, ತೂಕವೆಷ್ಟು ಎಂದು ಕೇಳಿ, ನೋಡಿ ಬರೆದುಕೊಳ್ಳಬೇಕು. ಈ ಮೂರರಲ್ಲಿ ಒಂದಕ್ಕಾದರೂ ಮೊದಲ ಸಲಕ್ಕೇ ಸರಿಯಾದ ಉತ್ತರ ಸಿಕ್ಕಿದ್ದು ನನಗೆ ನೆನಪಿಲ್ಲ. ಸಿಗದೇ ಹೋದರೆ ಜೀವಕ್ಕೇ ಸಂಚಕಾರ, ಅದಕ್ಕೆ ನಾನೂ ಬೆನ್ನು ಬಿಡುವುದಿಲ್ಲ.

ಮೂರು ಮಹಡಿ

ಊರಂಚಿನ ಬಡಾವಣೆ ಕುಷಾಯಿಗೂಡದಿಂದ ಒಬ್ಬ ಗೃಹಿಣಿ ಬಂದಿದ್ದರು. ಜೊತೆಗೆ ಯಜಮಾನರು. ಪ್ರಶ್ನೆ ಆಕೆಗೆ, ಉತ್ತರ ಅವರದು.

"ಮೆಟ್ಟಿಲು ಹತ್ತುವಾಗ ದಮ್ಮು ಬರತೈತೇನ್ರಿ ಅಕ್ಕಾ?"

"ಏ, ಇಲ್ರಿ! ಇಕಿ ಲಿಫ್ಟ್ ಮುಟ್ಟಂಗಿಲ್ಲ. ದಿನಾ ಮೂರು ಮಹಡಿ ಹತ್ತತಾಳ."

ಆಕೆ ಕಿಟಕಿಯ ಬಿಸಿಲಿನತ್ತ ಮುಖ ತಿರುಗಿಸಿದರು. ಔಷಧ ತರಲು ಯಜಮಾನರನ್ನು ಕೆಳಗೆ ಕಳಿಸಿ ಮತ್ತೆ ಕೇಳಿದೆ.

"ಹತ್ತೂದು ಖರೇ ಐತಿ, ತಂಗಿ," ಎಂದರು ಮೆಲ್ಲಗೆ. "ಒಂದನೇ ಮಹಡ್ಯಾಗ ಗೆಳತಿ ಮನಿ ಐತಿ. ಅಲ್ಲಿ ಕುಂತು ಒಂದು ತಾಸು ಸುಧಾರಿಸ್ಕೋತೀನಿ. ಎರಡನೇ ಮಹಡ್ಯಾಗ ಆಕಿ ನಾದಿನಿ ಮನಿ, ಅಲ್ಲಿ ಚಾ. ಹತ್ತಕ್ಕ ಕಾಯಿಪಲ್ಯಾ ತರಾಕ ಇಳಿದ್ರ ಮನಿ ಮುಟ್ಟೂದು ಒಂದಕ್ಕ."

"ಯಜಮಾನ್ರು ಏನೂ ಕೇಳಂಗಿಲ್ಲೇನ್ರಿ?"

"ಬಜಾರ ಭಾಳ ದೂರ ಐತಿ ಅಂತ ತಿಳಕೊಂಡಾರ. ಕಾಯಿಪಲ್ಯಾದ ಗಾಡಿ ನಮ್ಮ ಗೇಟಿನ ಮುಂದ ನಿಂತಿರತೈತಿ."

ಎರಡು ಬೆರಳು

ಹೃದಯ ಸೋತಾಗ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಅದು ಇಳಿಯುತ್ತಿದೆಯೇ ಎಂದು ತಿಳಿಯಲು ದಿನಾ ಬೆಳಿಗ್ಗೆ ತೂಕ ನೋಡುತ್ತೇವೆ. ಬೇಳೆಕಾಳಿನ ವ್ಯಾಪಾರಿಯೊಬ್ಬರಿಗೆ ತೂಕ ಇಳಿದರೆ ಮನೆಗೆ ಕಳಿಸುತ್ತೇವೆ ಎಂದು ಹೇಳಿಯಾಗಿತ್ತು. ತೂಕ ಇಳಿಯತೊಡಗಿತು. ನಿತ್ಯವೂ ತಪ್ಪದೆ ಅರ್ಧರ್ಧ ಕಿಲೋ.

ಆದರೆ ಪಾದದ ಬಾವು ಹಾಗೇ ಇತ್ತು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಐದನೇ ದಿನ ನಾನು ತೂಕದ ಯಂತ್ರದ ಮುಳ್ಳನ್ನು ಬಿಟ್ಟು ಅವರ ಕೈಯನ್ನೇ ನೋಡಿದೆ. ಎರಡು ಬೆರಳು ಮಂಚದ ಸರಳಿನ ಮೇಲೆ ಗಟ್ಟಿಯಾಗಿ ಊರಿದ್ದವು.

"ಸಾವಕಾರ್ರ, ಬೆರಳು ತಗೀರಿ."

ತೆಗೆದರು. ಮುಳ್ಳು ಎರಡು ಕಿಲೋ ಮೇಲಕ್ಕೆ ಹಾರಿತು. ಅವರ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ. ನನ್ನನ್ನು ಮೆಚ್ಚಿದವರಂತೆ ನೋಡಿ ಕೇಳಿದರು: "ಸಿಸ್ಟರ್, ನೀವು ಅಂಗಡಿಯವರ ಮಗಳೇನ್ರಿ?"

"ಅಲ್ರೀ," ಎಂದೆ. "ಗಿರಾಕಿ ಮಗಳು."

ಮಾಸ್ತರರ ಮಾರ್ಕು

ಇನ್ನೊಬ್ಬರು ನಾರಾಯಣಗೂಡದ ಮಾಸ್ತರರು. ನಲವತ್ತು ವರ್ಷ ಇಂಟರ್, ಅಂದರೆ ನಮ್ಮ ಪಿಯುಸಿ, ಹುಡುಗರಿಗೆ ಗಣಿತ ಹೇಳಿದವರು. ಎದೆನೋವೆಂದು ಬಂದು, ನೋವು ಇಳಿದು, ಆಂಜಿಯೋಗ್ರಾಮಿಗೆ ಕಾಯುತ್ತಿದ್ದರು. ನೋವು ಮತ್ತೆ ಬಂದರೆ ತಡಮಾಡುವಂತಿರಲಿಲ್ಲ. ಅದಕ್ಕೇ ಗಂಟೆಗೊಮ್ಮೆ ಕೇಳುವುದು.

"ಎದಿ ನೋವು ಹೆಂಗೈತ್ರಿ ಸರ್? ಹತ್ತಕ್ಕ ಎಷ್ಟು?"

"ಒಂಬತ್ತೂವರಿ."

ಇಸಿಜಿ ಯಂತ್ರ ಎಳೆದುಕೊಂಡು ನಾನು ಓಡಿದೆ, ಡಾಕ್ಟರು ಓಡಿ ಬಂದರು. ಬಂದವರು ಮಂಚದ ಮೇಲಿದ್ದವರನ್ನು ನೋಡಿ "ಸರ್, ನೀವಾ!" ಎಂದು ಕೈಕಟ್ಟಿ ನಿಂತುಬಿಟ್ಟರು. ಅವರದೇ ವಿದ್ಯಾರ್ಥಿ. ಇಸಿಜಿಯಲ್ಲಿ ಹೊಸದೇನೂ ಇರಲಿಲ್ಲ.

"ನೋವು ಎಲ್ಲೈತಿ? ಆರಾಮ ಇದ್ದೀನಿ, ಅದಕ್ಕ ಒಂಬತ್ತೂವರಿ ಕೊಟ್ಟೀನಿ," ಎಂದರು ಮಾಸ್ತರರು. "ಪೂರ್ತಿ ಹತ್ತು ನಾ ಯಾರಿಗೂ ಕೊಟ್ಟಿಲ್ಲ."

ನಮ್ಮಲ್ಲಿ ಲೆಕ್ಕ ತಿರುವುಮುರುವು, ಹತ್ತೆಂದರೆ ತಡೆಯಲಾರದ ನೋವು, ಸೊನ್ನೆಯೆಂದರೆ ಆರಾಮ ಎಂದು ಬಿಡಿಸಿ ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. "ಸೊನ್ನೆ ತಗೊಂಡು ಆರಾಮ ಇದ್ದ ಹುಡುಗನ್ನ ನಾ ನೋಡಿಲ್ಲವಾ," ಎಂದು ಆ ಕಡೆ ಹೊರಳಿ ಮಲಗಿದರು.

ಮರುದಿನ ಮಧ್ಯಾಹ್ನ ಅದೇ ಮಂಪರು, ಅದೇ ಹಸಿರು ಗೆರೆಗಳು. ಹೊಸದಾಗಿ ಸೇರಿದ ಸಿಸ್ಟರ್ ತೆಲುಗಿನಲ್ಲಿ ಕೇಳಿದಳು, ಮಾಸ್ತರರು ತೆಲುಗಿನಲ್ಲೇ ಎರಡು ಎಂದರು. ಅವಳು ಎರಡು ಎಂದು ಬರೆದುಕೊಂಡು ನಗುತ್ತ ಮುಂದಿನ ಮಂಚಕ್ಕೆ ಹೋದಳು. ಅರೆನಿದ್ದೆಯಲ್ಲಿದ್ದಂತೆ ಆ ಕಡೆ ನಡೆದು ಬರುತ್ತಿದ್ದ ನಾನು ಅವರ ಹಣೆಯ ಬೆವರನ್ನು ಕಂಡೆ. ಕೈ ಚಾದರವನ್ನು ಹಿಡಿದು ಮುದ್ದೆ ಮಾಡಿತ್ತು.

"ಸರ್, ಇದು ನಮ್ಮ ಎರಡೋ, ನಿಮ್ಮ ಎರಡೋ?"

"ನಂದು," ಎಂದರು, ಉಸಿರು ಸಾಲದೆ.

ಆಮೇಲೆ ನಾನು ಓಡಿದ್ದಷ್ಟೇ ನೆನಪಿದೆ. ಇಸಿಜಿ ಬದಲಾಗಿತ್ತು. ಡಾಕ್ಟರು ತಾವೇ ಗಾಲಿಮಂಚ ತಳ್ಳಿಕೊಂಡು ಹೋಗಿ, ಮುಚ್ಚಿಕೊಂಡಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಬಾಗಿಲ ಹೊರಗೆ ನಾನು ಕಾಯುತ್ತ ನಿಂತೆ. ಆ ಹೊಸ ಸಿಸ್ಟರ್ ಅಳುತ್ತಿದ್ದಳು. ಮಾಸ್ತರರು ಉಳಿದರು.

ಸಂಜೆ ಕಣ್ಣು ಬಿಟ್ಟವರೇ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಒಂಬತ್ತೂವರಿ ಅಂದ್ರೂ ಓಡಿ ಬರ್ತೀರಿ, ಎರಡು ಅಂದ್ರೂ ಓಡಿ ಬರ್ತೀರಿ. ನಿಮ್ಮಲ್ಲಿ ಪಾಸ್ ಆಗೂದು ಹೆಂಗವಾ?"

"ಸೊನ್ನೆ ತಗೋಬೇಕ್ರಿ ಸರ್. ಸೊನ್ನೆ ಬಂದವರನ್ನಷ್ಟ ಮನಿಗೆ ಕಳಸ್ತೀವಿ."

ಮನೆಗೆ ಹೋಗುವ ಬೆಳಿಗ್ಗೆ ಬಂತು. ಹೊಸ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕುಳಿತಿದ್ದರು. ಕೊನೆಯ ಸಲ ಕೇಳಿದೆ, "ಸರ್, ಇವತ್ತು ಹತ್ತಕ್ಕ ಎಷ್ಟು?"

ಮಾಸ್ತರರು ಆ ಕಡೆ ಈ ಕಡೆ ನೋಡಿದರು. ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ ಹೇಳಿದರು:

"ಸೊನ್ನೆ. ಆದ್ರ ಡಾಕ್ಟರಿಗೆ ತೋರಿಸಬ್ಯಾಡ. ಇಂಟರ್‌ನಾಗ ನಾ ಅವನಿಗೆ ಕೊಟ್ಟಿದ್ದೂ ಅಷ್ಟ."