ಮಿಕ್ಸರ್ ಎಳೆಯಲು ನಾನು ಆರಿಸಿದ ಎಂಜಿನ್

ಅಶ್ವಶಕ್ತಿ ಎಂದರೇನು ಎಂದು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಪಿಸ್ಟನ್ನಿನ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಹಾಗಿರುವಾಗ ನನ್ನ ತಮ್ಮ ಸದಾನಂದ ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಫೋನ್ ಮಾಡಿ, "ಅಕ್ಕ, ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆಯಬೇಕು. ಯಾರಾದರೂ ಮೆಕ್ಯಾನಿಕ್ ಹತ್ತಿರ ಕೇಳ್ತೇನೆ" ಎಂದಾಗ ನನಗೆ ಬಹಳ ನೋವಾಯಿತು.

"ಮೆಕ್ಯಾನಿಕ್ ಎಂತಕ್ಕೆ? ನಾನು ಬದುಕಿಲ್ವಾ?" ಎಂದೆ.

ಸದಾನಂದನ ಕಸುಬು ಮಿಕ್ಸರ್ ಬಾಡಿಗೆಗೆ ಕೊಡುವುದು. ಚಟ್ನಿ ಅರೆಯುವ ಮಿಕ್ಸರ್ ಅಲ್ಲ. ಜಲ್ಲಿ, ಮರಳು, ಸಿಮೆಂಟು ಕಲಸುವ, ಎರಡು ಚಕ್ರದ ಮೇಲೆ ಕುಳಿತ ದೊಡ್ಡ ಹೊಟ್ಟೆಯ ಯಂತ್ರ. ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಯಾರಾದರೂ ಎಳೆದುಕೊಂಡು ಹೋಗಬೇಕು. ಇಷ್ಟು ದಿನ ಅವನ ಪಕ್ಕದ ಮನೆಯ ಬಾಬಣ್ಣನ ಮುದಿ ಜೀಪು ಎಳೆಯುತ್ತಿತ್ತು. ಆ ಜೀಪು ಎರಡು ಸಲ ಅರ್ಧ ದಾರಿಯಲ್ಲಿ ಉಸಿರು ಬಿಟ್ಟು, ಕಾಪುವಿನ ವಾರಿಜಕ್ಕನ ಹೊಸ ಮನೆಯ ಸ್ಲ್ಯಾಬು ಹಾಕುವ ಕೆಲಸ ಎರಡು ಸಲ ಮುಂದಕ್ಕೆ ಹೋಗಿತ್ತು. "ಬರುವ ತಿಂಗಳ ಮೊದಲ ಆದಿತ್ಯವಾರ ಎಂಟು ಗಂಟೆಗೆ ಮಿಷನ್ ಬರದಿದ್ದರೆ ಬೇರೆಯವರನ್ನು ಕರೀತೇನೆ. ಮತ್ತೆ ನಮ್ಮ ಊರಿನಲ್ಲಿ ನಿನಗೆ ಯಾರೂ ಕೆಲಸ ಕೊಡುವುದಿಲ್ಲ, ನೋಡು" ಎಂದು ಆಕೆ ಹೇಳಿಬಿಟ್ಟಿದ್ದರು. ವಾರಿಜಕ್ಕನ ಮಾತಿಗೆ ಅಲ್ಲಿ ಅಷ್ಟು ಬೆಲೆ ಉಂಟು. ಅಂದರೆ ತಮ್ಮನ ಅನ್ನದ ಪ್ರಶ್ನೆಯೇ ನನ್ನ ಭೌತಶಾಸ್ತ್ರದ ಕೈಯಲ್ಲಿತ್ತು!

ನಾನು ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ 'ಎಂಜಿನ್ ಆಯ್ಕೆ' ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಡೀಸೆಲ್ಲೋ ಪೆಟ್ರೋಲೋ, ಟರ್ಬೋ ಬೇಕೋ ಬೇಡವೋ, ಮಿಕ್ಸರಿನ ತೂಕವೆಷ್ಟು, ಕಾರ್ಕಳದಿಂದ ಕಾಪುವಿಗೆ ಎಷ್ಟು ಏರು, ಎಷ್ಟು ಇಳಿತ! ಎಳೆಯುವ ಗಾಡಿಗೆ ಓಟ ಮುಖ್ಯವಲ್ಲ, ನಿಧಾನದಲ್ಲಿ ಸಿಗುವ ತಿರುಗುಬಲ, ಅಂದರೆ ಟಾರ್ಕ್, ಮುಖ್ಯ ಎಂದು ಮೂರು ವಾರ ಮಣಿಪಾಲದ ನಮ್ಮ ಮನೆಯಲ್ಲಿ ಪಾಠ ನಡೆಯಿತು. ವಿದ್ಯಾರ್ಥಿ ಒಬ್ಬರೇ, ನನ್ನ ಯಜಮಾನರು. ಅವರು ಮಿತಭಾಷಿ. ಒಂದು ಮಾತನ್ನು ಅವರು ಆರಂಭಿಸುತ್ತಾರೆ, ಮುಗಿಸುವ ಶ್ರಮವನ್ನು ನಾನೇ ತೆಗೆದುಕೊಳ್ಳುತ್ತೇನೆ. ನಮ್ಮ ದಾಂಪತ್ಯ ಸುಗಮವಾಗಿ ಸಾಗಿರುವುದೇ ಹೀಗೆ.

ಉಡುಪಿಯ ಹೊರಗಿನ ಒಂದು ಹಳೆ ವಾಹನಗಳ ಅಂಗಳಕ್ಕೆ ತಮ್ಮನೂ ಸೇರಿ ಮೂವರೂ ಹೋದೆವು. ಮಾರುವವನು ನಗುತ್ತಾ ಎದುರು ಬಂದ.

"ಗರಿಷ್ಠ ಟಾರ್ಕ್ ಎಷ್ಟು ಆರ್‌ಪಿಎಮ್‌ನಲ್ಲಿ ಸಿಗುತ್ತದೆ?" ಎಂದು ಕೇಳಿದೆ.

ಅವನ ನಗು ನಿಂತಿತು. "ಮೇಡಂ, ಏಸಿ ಉಂಟು" ಎಂದ.

ಅಲ್ಲಿ ಎರಡು ಪಿಕಪ್ ಇದ್ದವು. ಮೊದಲನೆಯದು ಬೂದು ಬಣ್ಣದ್ದು, ಮೈಯೆಲ್ಲ ತಗ್ಗುದಿಣ್ಣೆ, ಎಂಜಿನ್ನೂ ಸಣ್ಣದು. ಸುತ್ತು ಹಾಕುವಾಗ ಅದರ ಹಿಂಭಾಗದಲ್ಲಿ ಬಾಲದಂತೆ ಚಾಚಿದ್ದ ಕಬ್ಬಿಣದ ತುಂಡೊಂದು ನನ್ನ ಮೊಣಕಾಲಿನ ಕೆಳಗೆ ಫಟ್ಟೆಂದು ಬಡಿಯಿತು. ಸೀರೆಯೂ ಹರಿಯಿತು! "ಇಂಥ ಅಪಾಯಕಾರಿ ಗಾಡಿಯನ್ನು ರಸ್ತೆಗೆ ಬಿಡುವುದೇ ತಪ್ಪು" ಎಂದು ಮಾರುವವನಿಗೆ ಬುದ್ಧಿ ಹೇಳಿ ಅದನ್ನು ಅಲ್ಲಿಗೇ ತಿರಸ್ಕರಿಸಿದೆ.

ಎರಡನೆಯದು ಬಿಳಿ. ದೊಡ್ಡ ಡೀಸೆಲ್ ಎಂಜಿನ್, ಟರ್ಬೋ, ಹಿಂದೆ ನುಣ್ಣಗೆ ಹೊಳೆಯುವ ಬಂಪರ್. ಬಾನೆಟ್ ಎತ್ತಿಸಿ ಮುಕ್ಕಾಲು ಗಂಟೆ ಎಂಜಿನ್ನಿನೊಳಗೆ ತಲೆ ಹಾಕಿ ನಿಂತೆ. ಯಜಮಾನರು ಒಮ್ಮೆ ಗಾಡಿಯ ಹಿಂದೆ ಹೋಗಿ ಬಗ್ಗಿ ನೋಡಿ ಬಂದರು.

"ಅಲ್ಲ, ಹಿಂದೆ..." ಎಂದರು.

"ಹಿಂದೆ ಎಂತ ಉಂಟು ನೋಡಲಿಕ್ಕೆ? ಎಂಜಿನ್ ಇರುವುದು ಮುಂದೆ" ಎಂದು ಅವರ ಮಾತನ್ನು ಎಂದಿನಂತೆ ನಾನೇ ಮುಗಿಸಿದೆ. ಅಕ್ಕನಿಗೆ ಎಲ್ಲ ಗೊತ್ತು ಎಂದು ನಂಬಿ ತಮ್ಮ ಬಿಳಿ ಗಾಡಿಗೆ ದುಡ್ಡು ಎಣಿಸಿ ಕೊಟ್ಟ.

ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಕುಕ್ಕುಂದೂರಿನ ಅಂಗಳದಲ್ಲಿ ಗಾಡಿಗೆ ಪೂಜೆ. ಸೇವಂತಿಗೆ ಮಾಲೆ, ಕುಂಕುಮ, ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು. ತೆಂಗಿನಕಾಯಿ ಒಡೆಯುವ ಮೊದಲು ತಿರುಗುಬಲದ ಬಗ್ಗೆ ಎರಡು ಮಾತು ಆಡಿದೆ. ಕೆಲಸದವರು ಕೈಮುಗಿದು ಕೇಳಿದರು. ಪೂಜೆಯ ಮಂತ್ರವೇ ಇರಬೇಕು ಎಂದು ಅವರು ತಿಳಿದರಂತೆ.

ಸದಾನಂದ ಗಾಡಿಯನ್ನು ರಿವರ್ಸ್ ತೆಗೆದು ಮಿಕ್ಸರಿನ ಎಳೆಯುವ ಮೂತಿಯ ಹತ್ತಿರ ನಿಲ್ಲಿಸಿದ. ಇಳಿದ. ಬಗ್ಗಿದ. ಬಹಳ ಹೊತ್ತು ಏಳಲೇ ಇಲ್ಲ.

"ಅಕ್ಕ, ಇದಕ್ಕೆ ಹುಕ್ಕು ಎಲ್ಲಿ ಉಂಟು?"

"ಯಾವ ಹುಕ್ಕು?"

"ಮಿಕ್ಸರ್ ಸಿಕ್ಕಿಸುವ ಹುಕ್ಕು."

ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆ ಶಬ್ದ ಎಲ್ಲಿಯೂ ಇರಲಿಲ್ಲ.

ಬಂಪರನ್ನು ಸವರಿ ನೋಡಿದೆ. ಮಗುವಿನ ಕೆನ್ನೆಯ ಹಾಗೆ ನುಣುಪು! ಬೆಸುಗೆ ಹಾಕುವವನಿಗೆ ಫೋನ್ ಮಾಡಿದರೆ ಅವನು ನೆಂಟರ ಮದುವೆಗೆ ಹೊರಟಾಗಿತ್ತು. ಅಷ್ಟರಲ್ಲಿ ವಾರಿಜಕ್ಕನ ಫೋನ್.

"ಎಲ್ಲಿಗೆ ಮುಟ್ಟಿದಿ ಸದಾನಂದ? ಇಪ್ಪತ್ತು ಜನ ಚಾ ಕುಡಿದು ಕೂತಿದ್ದಾರೆ. ಮಧ್ಯಾಹ್ನಕ್ಕೆ ಕೋಳಿ ಸಾರು ಒಲೆಯ ಮೇಲೆ ಉಂಟು."

"ಹೊರಟೆ ಅಕ್ಕ" ಎಂದ ತಮ್ಮ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆದರೆ ವಿಜ್ಞಾನ ಅಷ್ಟು ಬೇಗ ಸೋಲುವುದಿಲ್ಲ. "ಹಗ್ಗ ತನ್ನಿ" ಎಂದು ಆಜ್ಞಾಪಿಸಿದೆ. ಬಾವಿಯ ದಪ್ಪ ಹಗ್ಗ ಬಂತು. ಬಂಪರಿಗೆ ಮೂರು ಸುತ್ತು, ಮಿಕ್ಸರಿಗೆ ಮೂರು ಸುತ್ತು. ಗಂಟು ನಾನೇ ಹಾಕಿದೆ. "ಅಕ್ಕ, ಬಂಪರ್ ತಡೀತದಾ?" ಎಂದ ತಮ್ಮ. "ಹೆದರಬೇಡ, ಎಂಜಿನ್ನಿಗೆ ಬೇಕಾದಷ್ಟು ಬಲ ಉಂಟು" ಎಂದೆ.

ಬಲ ನಿಜವಾಗಿಯೂ ಇತ್ತು. ಸದಾನಂದ ಕ್ಲಚ್ ಬಿಟ್ಟ. ಟರ್ಬೋ ಗುರುಗುಟ್ಟಿತು. ಚಟ್ ಎಂದಿತು. ಪಿಕಪ್ ಗೇಟಿನವರೆಗೆ ಹೋಯಿತು. ಬಂಪರ್ ಮಿಕ್ಸರಿನ ಜೊತೆಯೇ ಉಳಿಯಿತು!

ಕೆಲಸದವರಲ್ಲಿ ಒಬ್ಬ ನಗು ತಡೆಯಲಾರದೆ ದನದ ಕೊಟ್ಟಿಗೆಯೊಳಗೆ ಹೋದ. ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತೆ. ಗಂಟೆ ಎಂಟು ದಾಟಿತ್ತು. ತಮ್ಮ ಫೋನನ್ನು ಅಂಗೈಯಲ್ಲಿ ಹಿಡಿದು, ವಾರಿಜಕ್ಕನಿಗೆ ಏನು ಹೇಳಲಿ ಎಂದು ನೆಲ ನೋಡುತ್ತಿದ್ದ. ನನಗೆ ನಿಜಕ್ಕೂ ಅಳು ಬಂತು.

ಆಗ ಯಜಮಾನರು ಪಕ್ಕಕ್ಕೆ ಬಂದು, "ಬಾಬಣ್ಣ..." ಎಂದರು.

ಬಾಬಣ್ಣನ ಜೀಪು ಸತ್ತು ತಿಂಗಳಾಯಿತು ಎನ್ನಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ನಾನು ಸುಮ್ಮನಿದ್ದುದನ್ನು ಕಂಡು ಅವರಿಗೇ ಗಾಬರಿಯಾಯಿತು. ಸ್ವಲ್ಪ ಕಾದು ಮುಂದುವರಿಸಿದರು.

"ಬಾಬಣ್ಣ ನಿನ್ನೆ ರಾತ್ರಿ ಒಂದು ಪಿಕಪ್ ತಂದಿದ್ದಾನೆ. ಬರ್ಲಿಕ್ಕೆ ಹೇಳಿದ್ದೇನೆ."

ಅವರ ಮಾತು ಮುಗಿಯುವ ಮೊದಲೇ ಗೇಟಿನಲ್ಲಿ ಹಾರ್ನ್ ಕೇಳಿತು. ಬೂದು ಬಣ್ಣ. ಮೈಯೆಲ್ಲ ತಗ್ಗುದಿಣ್ಣೆ. ಹಿಂದೆ ಕಬ್ಬಿಣದ ಬಾಲ. ಬಾಬಣ್ಣ ರಿವರ್ಸ್ ತೆಗೆದ, ಮಿಕ್ಸರಿನ ಮೂತಿಯನ್ನು ಅದಕ್ಕೆ ಸಿಕ್ಕಿಸಿದ, ಪಿನ್ ಹಾಕಿದ. ಅರ್ಧ ನಿಮಿಷದ ಕೆಲಸ.

"ಎಂತ ಒಳ್ಳೆಯ ಹುಕ್ಕು ಮಾರಾಯ್ರೆ! ಇದು ಉಂಟು ಅಂತ ನಿಮ್ಮ ಯಜಮಾನರೇ ನನಗೆ ಹೇಳಿದ್ದು" ಎಂದ ಬಾಬಣ್ಣ.

ನಾನು ಯಜಮಾನರತ್ತ ತಿರುಗಿದೆ. "ಅವನಿಗೆ ಹೇಳಿದಿರಿ. ನನಗೆ ಯಾಕೆ ಹೇಳಲಿಲ್ಲ?"

"ಶುರು ಮಾಡಿದ್ದೆ" ಎಂದರು ಅವರು.

ಕಾಪು ಮುಟ್ಟುವಾಗ ಹತ್ತು ಗಂಟೆ. ವಾರಿಜಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಬೈಯುವಷ್ಟು ಬೈದರು, ಆದರೆ ಬೇರೆಯವರನ್ನು ಕರೆದಿರಲಿಲ್ಲ. ಸೂರ್ಯ ಕಡಲಿಗೆ ಇಳಿಯುವ ಮೊದಲು ಸ್ಲ್ಯಾಬು ಮುಗಿಯಿತು. ಸಂಜೆಗೆ ಹೋದ ಮಧ್ಯಾಹ್ನದ ಊಟಕ್ಕೆ ಕೆಲಸದವರೊಂದಿಗೆ ನಮಗೂ ರೊಟ್ಟಿ, ಕೋಳಿ ಸಾರು ಬಡಿಸುವಾಗ ವಾರಿಜಕ್ಕ ಅಂಗಳದ ಮೂಲೆಯಲ್ಲಿದ್ದ ಬಿಳಿ ಪಿಕಪ್ಪನ್ನು ತೋರಿಸಿ ಕೇಳಿದರು.

"ಆ ಮಾಲೆ ಹಾಕಿದ ಗಾಡಿ ಎಂತಕ್ಕೆ ಬಂದದ್ದು?"

ಸದಾನಂದ ರೊಟ್ಟಿ ಮುರಿಯುವುದರಲ್ಲಿ ಮಗ್ನನಾದ. ಯಜಮಾನರು ನನ್ನ ಕಡೆ ನೋಡಿದರು, ಈ ಮಾತನ್ನಾದರೂ ನೀನೇ ಮುಗಿಸು ಎಂಬಂತೆ. ನನ್ನ ಕಾಲಿನ ಮೇಲೆ ಆ ಹುಕ್ಕು ಬಡಿದ ನೀಲಿ ಗುರುತು ಇನ್ನೂ ಮಾಸಿರಲಿಲ್ಲ. ಮೂರು ವಾರ ಪುಸ್ತಕದಲ್ಲಿ ಹುಡುಕಿದವಳಿಗೆ ಅದು ತಾನಾಗಿ ಬಂದು ಕಾಲಿಗೆ ಕುಟ್ಟಿ ಹೇಳಿತ್ತು. ಅದರ ಮಾತನ್ನೂ ನಾನು ಕೇಳಲಿಲ್ಲ. ಕಾರ್ಕಳದಿಂದ ಕಾಪುವಿನವರೆಗೆ ಆ ಮಹಾಬಲಶಾಲಿ ಎಂಜಿನ್ ಹೊತ್ತು ತಂದದ್ದು ಇಷ್ಟೇ: ಕಳಚಿದ ಬಂಪರ್ ಒಂದು, ನಿವೃತ್ತ ಟೀಚರ್ ಒಬ್ಬಳು.